ಕಲೆ ಬೇರೆ, ಗಾಯ ಬೇರೆ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡು. ಅತ್ತ ಅವರ ದಾಸವಾಳ, ಇತ್ತ ನಮ್ಮ ಕರಿಬೇವು. ಬೆಳಗ್ಗೆ ಆ ಮನೆಯ ಸೊಸೆ ಹೂವು ಬಿಡಿಸಲು ಬರುತ್ತಾಳೆ, ನಾನು ಒಗ್ಗರಣೆಗೆ ನಾಲ್ಕೆಸಳು ಸೊಪ್ಪು ಕೀಳಲು ಹೋಗುತ್ತೇನೆ. ಹೂವಿನ ಬುಟ್ಟಿ ತುಂಬಿದ ಮೇಲೂ ಮಾತು ಮುಗಿಯುವುದಿಲ್ಲ. ಮದುವೆಯಾಗಿ ಮೈಸೂರಿಗೆ ಬಂದು ಎರಡು ವರ್ಷವಾದ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಮೊನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಸೆರಗು ಸಿಕ್ಕಿಸಿಕೊಂಡೇ ಬಂದು ಗೋಡೆಗೆ ಒರಗಿದಳು.

“ಆಂಟೀ, ನಿಮ್ಮನೇಲಿ ನಿಂಬೆಹಣ್ಣು ಇದ್ಯಾ? ನಾಲ್ಕು ಬೇಕಿತ್ತು.”

“ಇದೆ. ಚಿತ್ರಾನ್ನಕ್ಕಾ?”

“ಅಲ್ಲ ಆಂಟಿ, ದೇವರಮನೆ ಕಟ್ಟೆ ಉಜ್ಜೋಕೆ. ಮಾರ್ಬಲ್ ಎಲ್ಲಾ ಮಂಕಾಗಿಬಿಟ್ಟಿದೆ. ದೀಪ ಬೆಳಗಿದ ಹುಣಸೇಹುಳಿನೂ ಮಿಕ್ಕಿದೆ. ಎರಡೂ ಹಾಕಿ ತಿಕ್ಕಿದ್ರೆ ದೀಪದ ಥರಾನೇ ಫಳಫಳ ಅನ್ನುತ್ತೆ ಅಲ್ವಾ?”

ಫ್ರಿಜ್ಜಿನಲ್ಲಿ ಆರು ಹಣ್ಣಿತ್ತು. ಆದರೂ ಕೈ ಮುಂದೆ ಬರಲಿಲ್ಲ. “ಚಿತ್ರಾನ್ನಕ್ಕಾದ್ರೆ ಆರೂ ತಗೊಂಡು ಹೋಗು. ಕಲ್ಲಿಗೆ ಅಂದ್ರೆ ಒಂದೂ ಕೊಡಲ್ಲ. ಹಾಲು ಒಲೆ ಮೇಲಿಟ್ಟು ಬಂದಿಲ್ಲ ತಾನೆ? ಐದು ನಿಮಿಷ ಗೇಟಿನ ಕಡೆಯಿಂದ ಬಾ, ನಿನಗೊಂದು ತೋರಿಸಬೇಕು” ಅಂದೆ.

ತೋರಿಸಿದ್ದು ನಮ್ಮ ಹೊಸ್ತಿಲ ಪಕ್ಕದ ಬಿಳಿ ಮಾರ್ಬಲ್ ಹಾಸು. ಬಾಗಿಲ ಎರಡು ಬದಿಗೂ ಒಂದೊಂದು ದುಂಡನೆಯ ಗುರುತು, ಅರ್ಧ ನಿಂಬೆಹಣ್ಣು ಬೋರಲು ಹಾಕಿದರೆ ಎಷ್ಟಗಲವೋ ಅಷ್ಟೇ. ಬಣ್ಣವೇನೂ ಇಲ್ಲ. ನೇರ ನಿಂತು ನೋಡಿದರೆ ಕಾಣುವುದೂ ಇಲ್ಲ. ಬಗ್ಗಿ, ಬಾಗಿಲ ಬೆಳಕಿಗೆ ಓರೆಯಾಗಿ ನೋಡಿದರೆ ಮಾತ್ರ, ಸುತ್ತಲಿನ ಕಲ್ಲಿನಲ್ಲಿ ಬೆಳಕು ಹೊಳೆಯುತ್ತದೆ, ಆ ಎರಡು ಬಿಲ್ಲೆಗಳ ಮೇಲೆ ಹೊಳೆಯುವುದಿಲ್ಲ. ಬೆರಳು ಆಡಿಸಿದರೆ ಅಲ್ಲಷ್ಟೇ ಒಂಚೂರು ತರಿ.

ಇದು ನಮ್ಮ ಗೃಹಪ್ರವೇಶದ ದಿನದ್ದು. ನಿಂಬೆಹಣ್ಣು ಕುಯ್ದು, ಕುಂಕುಮ ಸವರಿ, ಹೊಸ್ತಿಲ ಎರಡು ಬದಿಗೆ ಇಟ್ಟಿದ್ದೆವು. ಊಟ, ತಾಂಬೂಲ, ನೆಂಟರನ್ನು ಬೀಳ್ಕೊಡುವುದು ಎಲ್ಲ ಮುಗಿಯುವ ಹೊತ್ತಿಗೆ ರಾತ್ರಿಯಾಗಿತ್ತು. ಹಣ್ಣು ತೆಗೆದದ್ದು ಮಾರನೆಯ ಬೆಳಗ್ಗೆ. ಅಡಿಯಲ್ಲಿ ಎರಡು ಕೆಂಪು ಬಿಲ್ಲೆ ನಿಂತಿತ್ತು. ಕುಂಕುಮದ ಕೆಂಪು ತಾನೇ, ಹೋಗುತ್ತದೆ ಅಂದುಕೊಂಡೆ. ಕೆಂಪೇನೋ ಹೋಯಿತು. ಅದು ಹೋದ ಮೇಲೆ ಅದರಡಿಯ ಮಂಕು ಬಿಲ್ಲೆ ಉಳಿಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದನ್ನೇ ನನ್ನ ಹೊಸ್ತಿಲು ನನಗೆ ಮತ್ತೆ ಕಲಿಸಿತು. ಕಲ್ಲಿನ ಮೇಲೆ ಬೀಳುವುದು ಎರಡು ಬಗೆ: ಒಂದು ಕಲೆ, ಇನ್ನೊಂದು ಗಾಯ. ಕಲೆ ಅಂದರೆ ಹೊರಗಿನದು ಒಳಗೆ ಹೋಗಿ ಕೂತದ್ದು, ಅದನ್ನು ಹೊರಗೆಳೆಯಬಹುದು. ಗಾಯ ಅಂದರೆ ಕಲ್ಲೇ ಕರಗಿ ಹೋದದ್ದು, ಇಲ್ಲದ್ದನ್ನು ಯಾವ ಸೋಪು ತಂದುಕೊಡುತ್ತದೆ?

“ಹಿತ್ತಾಳೆಗೆ ಏನೂ ಆಗಲ್ಲ, ಕಲ್ಲಿಗೆ ಯಾಕೆ ಹಾಗಾಗುತ್ತೆ ಆಂಟಿ?” ಅಂದಳು. ಒಳ್ಳೆಯ ಪ್ರಶ್ನೆ. ಮಾತಿನಲ್ಲಿ ಹೇಳುವ ಬದಲು, ಮನೆ ಕಟ್ಟಿದಾಗ ಮಿಕ್ಕಿದ್ದ ಮಾರ್ಬಲ್ ಚೂರೊಂದನ್ನು ಹಿತ್ತಲಿನಿಂದ ತಂದೆ. ಮೊಳೆಯಿಂದ ನಾಲ್ಕು ಗೀಟು ಗೀಚಿದೆ. ಬಿಳಿ ಹುಡಿ ಎದ್ದಿತು. ಅದರ ಮೇಲೆ ನಿಂಬೆ ಹಿಂಡಿದೆ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಗೀಟಿನುದ್ದಕ್ಕೂ ಏಳತೊಡಗಿದವು, ಒಡೆದವು, ಮತ್ತೆ ಎದ್ದವು. ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಮಾರ್ಬಲ್ ಅಂದರೆ ಸುಣ್ಣದ ಕಲ್ಲಿನ ಮಗಳು. ಭೂಮಿಯ ಒಳಗೆ ಸುಣ್ಣದ ಕಲ್ಲು ಕಾವಿಗೂ ಒತ್ತಡಕ್ಕೂ ಸಿಕ್ಕಿ, ಹರಳು ಹರಳಾಗಿ ಮರುಹುಟ್ಟು ಪಡೆದರೆ ಅದು ಮಾರ್ಬಲ್. ಅಮೃತಶಿಲೆ ಎಂದು ಎಷ್ಟು ದೊಡ್ಡ ಹೆಸರಿಟ್ಟರೂ ಮೈಯೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಎಲೆಅಡಿಕೆಗೆ ಹಚ್ಚುವ ಸುಣ್ಣವೂ ಅಂಥ ಕಲ್ಲನ್ನೋ ಚಿಪ್ಪನ್ನೋ ಸುಟ್ಟು ಮಾಡಿದ್ದೇ. ಹುಳಿ ತಾಗಿದ ಕೂಡಲೇ ಕಲ್ಲಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಡುತ್ತದೆ, ಕಲ್ಲು ನೀರಿನಲ್ಲಿ ಕರಗಿ ಹೋಗುತ್ತದೆ. ಹಿತ್ತಾಳೆಯ ಮೇಲೆ ಹುಣಸೇಹುಳಿ ತಿನ್ನುವುದು ಕಿಲುಬನ್ನು, ಮಾರ್ಬಲ್ ಮೇಲೆ ತಿನ್ನುವುದು ಮಾರ್ಬಲ್ಲನ್ನೇ.

ನಿಂಬೆ, ಹುಣಸೆ ಮಾತ್ರವಲ್ಲ. ಟೊಮ್ಯಾಟೊ, ಮೊಸರು, ಮಜ್ಜಿಗೆ, ವಿನೆಗರ್, ಸಾರು, ಗೊಜ್ಜು, ಉಪ್ಪಿನಕಾಯಿ, ಬಾಟಲಿ ಪಾನೀಯ, ಎಲ್ಲದರಲ್ಲೂ ಹುಳಿ ಇದೆ. ಸೀಗೆಕಾಯಿ ನೀರಿನಲ್ಲೂ ಒಂಚೂರು ಇದೆ. ಪಂಚಾಮೃತದ ಅಭಿಷೇಕ ಮಾಡುವಾಗ ವಿಗ್ರಹವನ್ನು ತಟ್ಟೆಯಲ್ಲಿಟ್ಟುಕೊಳ್ಳಬೇಕು, ಮೊಸರು ಕಟ್ಟೆಗೆ ಹರಿಯಬಾರದು. ಅಡುಗೆಮನೆಯ ಕಟ್ಟೆ ಮಾರ್ಬಲ್ಲಿನದ್ದಾದರೆ ಹುಳಿ ಚೆಲ್ಲಿದ ಕೂಡಲೇ ಒತ್ತಿ ಒರೆಸಿ ನೀರು ಸವರಬೇಕು. ಅಡುಗೆಯೆಲ್ಲ ಮುಗಿಯಲಿ, ಆಮೇಲೆ ನೋಡೋಣ ಅಂದರೆ ಅಷ್ಟರಲ್ಲಿ ಹುಳಿ ತನ್ನ ಕೆಲಸ ಮುಗಿಸಿರುತ್ತದೆ. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟು, ಚಾಮರಾಜನಗರದ ಕರಿ ಗ್ರಾನೈಟು ಬೇರೆ ಕುಲದವು. ನಿಂಬೆರಸಕ್ಕೆ ಅವು ಹೀಗೆ ಗುಳ್ಳೆ ಏಳುವುದಿಲ್ಲ. ಅದಕ್ಕೇ ಒಲೆ ಕಟ್ಟೆಗೆ ಗ್ರಾನೈಟ್ ಹಾಕುವುದು ಬುದ್ಧಿವಂತಿಕೆ.

“ಹಾಗಾದ್ರೆ ನಮ್ಮಮ್ಮನ ಮನೆ ಬಚಾವು. ಅಲ್ಲಿರೋದು ಶಹಾಬಾದ್ ಕಲ್ಲು” ಅಂದಳು. ಅವಳ ತವರು ಕಲಬುರಗಿ ಕಡೆ.

“ಅದೂ ಸುಣ್ಣದ ಕಲ್ಲೇ ಕಣಮ್ಮ!” ಅಂದೆ. ಶಹಾಬಾದ್ ಕಲ್ಲು, ಕಡಪ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು, ಮೂರೂ ಒಂದೇ ವಂಶ. ಹಳೆಯ ಮನೆಗಳ ಮೊಸಾಯಿಕ್ ನೆಲವೂ ಅಷ್ಟೆ, ಸಿಮೆಂಟಿನಲ್ಲಿ ಮಾರ್ಬಲ್ ಚೂರು ಕೂರಿಸಿ ಉಜ್ಜಿದ್ದು. ಮಾರ್ಬಲ್ಲಿಗೆ ಹೇಳಿದ ಪಥ್ಯ ಅವಕ್ಕೂ ಸಲ್ಲುತ್ತದೆ. ಇಂಥ ನೆಲಕ್ಕೆ ಆ್ಯಸಿಡ್ ಹಾಕಿ ಉಜ್ಜಿ, ಹೊಳಪು ಹೋದ ಮೇಲೆ ‘ಹಳೇದಾಯ್ತು, ಟೈಲ್ಸ್ ಹಾಕಿಸೋಣ’ ಎಂದು ಕೀಳಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮಾರ್ಬಲ್ ಬಳಸಿ ಕೆಡುವುದು ಕಮ್ಮಿ, ತೊಳೆದು ಕೆಡುವುದೇ ಜಾಸ್ತಿ. ನಾನು ಕಂಡ ಮನೆಗಳಲ್ಲೆಲ್ಲ ಇದೇ ಕಥೆ. ನಮ್ಮ ಮನೆ ಕೆಲಸ ಮುಗಿದಾಗ ಸಿಮೆಂಟು, ಬಣ್ಣದ ಚಿಕ್ಕೆ ತೆಗೆಯಲು ಬಂದವರು ಬಚ್ಚಲಿನ ಮಾರ್ಬಲ್ ಪಟ್ಟಿಗೂ ಆ್ಯಸಿಡ್ ನೀರು ಎರಚಿ ಗುಡಿಸಿದ್ದರು. ಚಿಕ್ಕೆ ಹೋಯಿತು, ಜೊತೆಗೆ ಹೊಳಪೂ ಹೋಯಿತು. ಬೋರ್‌ವೆಲ್ ನೀರಿನ ಬಿಳಿ ಪೊರೆಯದ್ದೂ ಇದೇ ಕಷ್ಟ. ನಲ್ಲಿಯ ಬುಡದಲ್ಲಿ, ಬಚ್ಚಲಲ್ಲಿ ಗಡಸು ನೀರು ಒಣಗಿ ಕಟ್ಟುವ ಆ ಪೊರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಅಂದರೆ ಕಲ್ಲೂ ಅದೇ, ಪೊರೆಯೂ ಅದೇ. ಪೊರೆಯನ್ನು ಕರಗಿಸುವ ಯಾವುದೇ ದ್ರವ ಕಲ್ಲನ್ನೂ ಬಿಡುವುದಿಲ್ಲ. ಪೊರೆ ಕಟ್ಟುವ ಮೊದಲೇ ನೀರು ಒರೆಸಿ ಒಣಗಿಸುವುದೊಂದೇ ದಾರಿ. ಟಾಯ್ಲೆಟ್ ತೊಳೆಯುವ ಬಾಟಲಿ ಮಾರ್ಬಲ್ ಕಡೆ ಸುಳಿಯಲೇಬಾರದು. ಅದನ್ನು ಬ್ಲೀಚಿಂಗ್ ಪೌಡರ್ ಜೊತೆ ಬೆರೆಸುವುದಂತೂ ಯಾವ ನೆಲಕ್ಕೂ ಬೇಡ, ಕ್ಲೋರಿನ್ ಅನಿಲ ಎದ್ದು ಉಸಿರೇ ಕಟ್ಟೀತು.

ಅವಳ ದೇವರಮನೆಗೆ ಹೋಗಿ ನೋಡಿದೆ. ಪುಟ್ಟ ಬಿಳಿ ಕಟ್ಟೆ, ತೆಳ್ಳಗೆ ಬೂದು ಗೆರೆ. ಮಂಕಾಗಿದ್ದೇನೋ ನಿಜ. ಆದರೆ ಅದು ಗಾಯವಲ್ಲ. ದೀಪದ ಎಣ್ಣೆಯ ಜಿಡ್ಡು, ಅದರ ಮೇಲೆ ಊದುಬತ್ತಿಯ ಹೊಗೆ, ಅದರ ಮೇಲೆ ಸರಿಯಾಗಿ ತೊಳೆಯದ ಸೋಪಿನ ಪದರ. ಒಂದು ಲೋಟ ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ ಹಾಕಿಸಿದೆ. ಹಳೆಯ ಕಾಟನ್ ಪಂಚೆಯ ತುಂಡು ಅದ್ದಿ, ಹಿಂಡಿ, ಒರೆಸಿದೆವು. ಬಟ್ಟೆ ಕಪ್ಪಾಯಿತು. ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ, ಕೊನೆಗೆ ಒಣಬಟ್ಟೆ. ಅಂಗೈಯಗಲದ ಜಾಗದಲ್ಲಿ ಕಿಟಕಿಯ ಬೆಳಕು ವಾಪಸು ಬಂತು. “ಅಯ್ಯೋ ಇಷ್ಟೇನಾ!” ಅಂದಳು. ಇಷ್ಟೇ. ಸೋಪನ್ನು ಪೂರ್ತಿ ತೆಗೆಯದೆ ಬಿಟ್ಟರೆ ಅದೇ ಮತ್ತೆ ಮಂಕಾಗಿ ಕೂರುತ್ತದೆ ಅನ್ನುವುದೊಂದು ನೆನಪಿರಬೇಕು.

ಕಟ್ಟೆಯ ಮೂಲೆಯಲ್ಲಿ ಅರಿಶಿನದ ಕಲೆ ಇತ್ತು. “ಇದಕ್ಕೆ ಸೋಡಾ ಹಾಕಿದ್ದೆ ಆಂಟಿ, ಕೆಂಪಾಗಿಹೋಯ್ತು! ಹೆದರಿ ತೊಳೆದುಬಿಟ್ಟೆ.” ಹೆದರುವಂಥದ್ದಲ್ಲ. ಆರತಿ ತಟ್ಟೆಯ ಓಕುಳಿ ನೀರು ಮಾಡುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕುತ್ತೇವಲ್ಲ, ಕೆಂಪಾಗುತ್ತದಲ್ಲ, ಇದೂ ಅದೇ. ಅರಿಶಿನಕ್ಕೆ ಕ್ಷಾರ ಸೋಕಿದರೆ ಕೆಂಪಾಗುವುದು ಅದರ ಗುಣ. ಅರಿಶಿನದ ಬಣ್ಣಕ್ಕೆ ದೊಡ್ಡ ಶತ್ರು ಬಿಸಿಲು. ಹಳದಿಯಾದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಹೇಗೆ ಬಿಳುಚಿಕೊಳ್ಳುತ್ತದೋ, ಕಲ್ಲಿನ ಮೇಲೂ ಹಾಗೇ. ಪೂರ್ವದ ಕಿಟಕಿ ತೆಗೆದಿಟ್ಟು ನಾಲ್ಕು ದಿನ ಕಾದರೆ ಅರ್ಧ ಕೆಲಸ ಸೂರ್ಯನೇ ಮಾಡಿಕೊಡುತ್ತಾನೆ.

ದೀಪದ ಕಂಬದ ಅಡಿಯ ಎಣ್ಣೆ ಕಲೆಗೆ ಮಾತ್ರ ಲೇಪ ಬೇಕು. ಕಲ್ಲು ಗಟ್ಟಿ ಅನ್ನಿಸಿದರೂ ಹರಳುಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಎಣ್ಣೆ ಅಲ್ಲಿ ಇಳಿದು ಕೂತು ಕಲ್ಲನ್ನು ಕಪ್ಪಗೆ ತೋರಿಸುತ್ತದೆ. ಮೇಲೆ ಎಷ್ಟು ತಿಕ್ಕಿದರೂ ಅದು ಬರುವುದಿಲ್ಲ, ಏಕೆಂದರೆ ಅದು ಮೇಲಿಲ್ಲ. ಅದನ್ನು ಎಳೆಯಬೇಕು. ಅಡುಗೆ ಸೋಡಾವನ್ನು ನೀರಿನಲ್ಲಿ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಗಿಂತ ಒಂದು ಬೆರಳು ಅಗಲವಾಗಿ, ಅರ್ಧ ಬೆರಳು ದಪ್ಪಕ್ಕೆ ಮೆತ್ತಬೇಕು. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಟೇಪು ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಆಮೇಲೆ ಹಾಳೆ ತೆಗೆದು ಲೇಪವನ್ನು ತಾನಾಗಿ ಒಣಗಲು ಬಿಡಬೇಕು. ಈ ಒಣಗುವ ಹೊತ್ತೇ ಮುಖ್ಯ. ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವ ಹಾಗೆ ಒಣಗುವ ಲೇಪ ಕಲೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಬಿರುಕು ಬಿಟ್ಟ ಮೇಲೆ ಪ್ಲಾಸ್ಟಿಕ್ ತುಂಡಿನಿಂದ ಎಬ್ಬಿಸಿ ತೆಗೆಯಬೇಕು, ಚಾಕು ಬೇಡ, ಸ್ಟೀಲ್ ನಾರಂತೂ ಬೇಡವೇ ಬೇಡ. ಹಳೆಯ ಕಲೆಯಾದರೆ ಎರಡು ಮೂರು ಸಲ ಮಾಡಬೇಕಾದೀತು. ಎಣ್ಣೆ ಈಗಷ್ಟೇ ಚೆಲ್ಲಿದ್ದರೆ ಉಜ್ಜದೆ, ಮೈದಾನೋ ಪೌಡರೋ ಉದುರಿಸಿ ಹೀರಿಸಿಬಿಟ್ಟರೆ ಮುಗಿಯಿತು.

ನಮ್ಮ ಹೊಸ್ತಿಲ ಕುಂಕುಮದ ಕೆಂಪು ಹೋಗಿದ್ದೂ ಲೇಪದಿಂದಲೇ. ಬಣ್ಣದ ಕಲೆಯಾದ್ದರಿಂದ ಸೋಡಾವನ್ನು ನೀರಿನ ಬದಲು ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕಲಸಿದ್ದೆ, ಕೈಗೆ ಗ್ಲೌಸ್ ಹಾಕಿಕೊಂಡು. ಬಿಳಿ ಕಲ್ಲಿಗೆ ಮಾತ್ರ ಈ ದಾರಿ, ಬಣ್ಣದ ಕಲ್ಲು ಬಿಳುಚಿಕೊಂಡೀತು. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡಬೇಕು.

“ಲೇಪ ಹಚ್ಚೋದು ನಮ್ಮಂಥ ಮನೆಯವರ ಉಪಾಯ ಅಂದ್ಕೋಬೇಡ” ಅಂದೆ. ತಾಜ್ ಮಹಲಿಗೂ ಇದೇ ಚಿಕಿತ್ಸೆ. ಗಾಳಿಯ ಕೊಳೆಯಿಂದ ಅದರ ಮೈ ಹಳದಿಯಾದಾಗ ಪುರಾತತ್ವ ಇಲಾಖೆಯವರು ಮುಲ್ತಾನಿ ಮಿಟ್ಟಿಯ ಲೇಪ ಹಚ್ಚುತ್ತಾರೆ. ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಅದೇ ಮಣ್ಣು. ಅದು ಒಣಗಿ ಕೊಳೆ ಹೀರಿದ ಮೇಲೆ ಮೆಲ್ಲಗೆ ತೆಗೆದು ನೀರಿನಲ್ಲಿ ತೊಳೆಯುತ್ತಾರೆ. 1994ರಿಂದ ಹಲವು ಸಲ ಹೀಗೆ ಮಾಡಿದ್ದಾರೆ. ಆ ಕಲ್ಲು ರಾಜಸ್ಥಾನದ ಮಕ್ರಾನಾದ್ದು. ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್ಲಿಗೂ ಅಲ್ಲಿಂದಲೇ ಕಲ್ಲು ಹೋಗಿದ್ದು. 1632ರಲ್ಲಿ ತಾಜ್ ಕಟ್ಟಲು ಶುರುಮಾಡಿದ ಮೇಲೆ ಮುನ್ನೂರೈವತ್ತು ವರ್ಷ ದಾಟಿದ ಕಲ್ಲನ್ನು ಯಾರೂ ಬ್ರಷ್ ಹಿಡಿದು ಗಸಗಸ ಉಜ್ಜುವುದಿಲ್ಲ. ಹುಳಿಗಾಳಿ ಅದಕ್ಕೂ ಶತ್ರು. ಅದಕ್ಕೇ 1996ರಲ್ಲಿ ಸುಪ್ರೀಂ ಕೋರ್ಟು ಅದರ ಸುತ್ತಲಿನ ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ಬದಲಾಗಬೇಕು, ಇಲ್ಲದಿದ್ದರೆ ಅಲ್ಲಿಂದ ಹೋಗಬೇಕು ಎಂದು ತೀರ್ಪು ಕೊಟ್ಟಿತು. ಒಂದು ಕಲ್ಲಿನ ಮೈ ಉಳಿಸಲು ಅಷ್ಟು ದೊಡ್ಡ ಹೋರಾಟ ನಡೆಯಿತು. ನಮ್ಮ ಪಾಲಿಗಿರುವುದು ಎರಡಡಿ ಕಟ್ಟೆ. ಅದಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಹುಳಿ ಆಯಿತು. ಇನ್ನೊಂದು ಶತ್ರು ಕಾಲಿನಡಿಯೇ ಇದೆ, ಮರಳು. ಫ್ರೀಡ್ರಿಶ್ ಮೋಸ್ ಎಂಬ ವಿದ್ವಾಂಸ 1812ರಲ್ಲಿ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರ ಅಳತೆ ಮಾಡಿಟ್ಟ. ಅದರಲ್ಲಿ ಮಾರ್ಬಲ್ಲಿನ ಹರಳಿಗೆ 3, ಮರಳಿನಲ್ಲಿರುವ ಬೆಣಚುಕಲ್ಲಿಗೆ 7. ಚಪ್ಪಲಿಗೆ ಅಂಟಿ ಬಂದ ಮರಳಿನ ಕಣ ನಡೆದಾಡಿದಾಗೆಲ್ಲ ನೆಲವನ್ನು ಗೀಚುತ್ತದೆ. ಆದ್ದರಿಂದ ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಇರಬೇಕು. ಮೊದಲು ಮೆತ್ತನೆ ಪೊರಕೆಯಲ್ಲಿ ಗುಡಿಸಿ, ಆಮೇಲೇ ಒದ್ದೆ ಬಟ್ಟೆ. ಗುಡಿಸದೆ ಒರೆಸಿದರೆ ಆ ಬಟ್ಟೆಯೇ ಉಪ್ಪುಕಾಗದ. ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ, ಕೆಲವದರಲ್ಲಿ ಬೆಣಚಿನ ಪುಡಿಯೂ ಇರುತ್ತದೆ. ಮಾರ್ಬಲ್ ಮೇಲೆ ಇಡುವುದಾದರೆ ಅಕ್ಕಿಹಿಟ್ಟಿನ ರಂಗೋಲಿ ಇಡಬಹುದು, ಇರುವೆಗಳಿಗೂ ಊಟ.

ಹಬ್ಬ ಬಂತೆಂದರೆ ಕೊಡಗಟ್ಟಲೆ ನೀರು ಸುರಿದು ಮನೆ ತೊಳೆಯುವುದು ನಮ್ಮ ಅಭ್ಯಾಸ. ಅಜ್ಜಿಯ ಮನೆಯ ಕೆಂಪು ಗಾರೆ ನೆಲಕ್ಕೆ ಅದು ಸರಿಹೋಗುತ್ತಿತ್ತು. ಮಾರ್ಬಲ್ಲಿಗೆ ನೀರು ನಿಲ್ಲಬಾರದು. ಕೆಲವು ಬಿಳಿ ಕಲ್ಲುಗಳೊಳಗೆ ಕಬ್ಬಿಣದ ಅಂಶ ಇರುತ್ತದೆ. ತೇವ ಇಳಿದು ಅಲ್ಲೇ ನಿಂತರೆ ಅದು ತುಕ್ಕು ಹಿಡಿದು ಕಲ್ಲು ಒಳಗಿನಿಂದ ಹಳದಿಯಾಗುತ್ತದೆ. ಕಬ್ಬಿಣದ ಬೀರುವಿನ ಕಾಲು, ಗ್ಯಾಸ್ ಸಿಲಿಂಡರಿನ ತಳ ಹೊರಗಿನಿಂದ ತುಕ್ಕು ಬಿಡುತ್ತವೆ. ಆ ಕಲೆ ತೆಗೆಯುವುದು ಬಹಳ ಕಷ್ಟ, ಅಂಗಡಿಯ ತುಕ್ಕಿನ ಔಷಧಿ ಹೆಚ್ಚಿನದು ಆ್ಯಸಿಡ್ಡೇ. ಅಡಿಗೆ ಒಂದೊಂದು ರಬ್ಬರ್ ಬಿಲ್ಲೆ ಕೊಟ್ಟರೆ ಆ ಚಿಂತೆಯೇ ಇಲ್ಲ.

“ಮತ್ತೆ ಪಾಲಿಷ್‌ನೋರು ಬಿಳಿ ಪುಡಿ ಹಾಕಿ ತಿಕ್ತಾರಲ್ಲ, ಅದೂ ಆ್ಯಸಿಡ್ ಅಂತಾರೆ?” ಹುಡುಗಿ ಚುರುಕು. ಹೌದು, ಅದು ಆಕ್ಸಾಲಿಕ್ ಆ್ಯಸಿಡ್. ಅದು ಸುಣ್ಣದಂಶದ ಜೊತೆ ಸೇರಿದರೆ ನೀರಿನಲ್ಲಿ ಕರಗದ ಇನ್ನೊಂದು ಪದಾರ್ಥವಾಗಿ ಅಲ್ಲೇ ಕೂರುತ್ತದೆ. ಕಲ್ಲನ್ನು ಒರಟಿನಿಂದ ನುಣುಪಿಗೆ ಹಂತ ಹಂತವಾಗಿ ಮೆಷಿನ್ನಿನಲ್ಲಿ ತೇದ ಮೇಲೆ, ಕೊನೆಗೆ ಅಳತೆಯಲ್ಲಿ ಹಾಕಿ ತಿಕ್ಕುವುದು ಅವರ ಕಸುಬು. ಅದು ವಿಷ, ಮನೆಯಲ್ಲಿ ಕೈಹಾಕುವಂಥದ್ದಲ್ಲ. ಗಾಯ ಮಾಯುವುದು ಅಂಥ ಪಾಲಿಷಿನಿಂದ ಮಾತ್ರ. ಅದೂ ಸುತ್ತಲಿನ ಕಲ್ಲನ್ನು ಗಾಯದ ಆಳಕ್ಕೆ ತೇದು ಸಮ ಮಾಡುವುದೇ ಹೊರತು ಹೋದ ಕಲ್ಲು ತಿರುಗಿ ಬರುವುದಿಲ್ಲ.

ಕಲೆ ಒಳಗಿಳಿಯದಂತೆ ಕಲ್ಲಿಗೆ ಹಚ್ಚುವ ಸೀಲರ್ ಬೇಕೋ ಬೇಡವೋ ತಿಳಿಯಲು ಸುಲಭದ ಪರೀಕ್ಷೆಯಿದೆ. ಒಂದು ಚಮಚ ನೀರು ಚೆಲ್ಲಿ ಹತ್ತು ನಿಮಿಷ ಬಿಟ್ಟು ಒರೆಸಿ ನೋಡಬೇಕು. ಅಡಿಯಲ್ಲಿ ಕಲ್ಲು ಕಪ್ಪಾಗಿದ್ದರೆ ನೀರು ಕುಡಿಯುತ್ತಿದೆ, ಹಚ್ಚಿಸಬೇಕು ಎಂದರ್ಥ. ಆದರೆ ಸೀಲರ್ ತಡೆಯುವುದು ಕಲೆಯನ್ನು, ಗಾಯವನ್ನಲ್ಲ. ಹಚ್ಚಿಸಿದ್ದೇವೆ ಎಂದು ಮೇಲೆ ನಿಂಬೆ ಕುಯ್ಯುವಂತಿಲ್ಲ.

ಐದು ನಿಮಿಷಕ್ಕೆಂದು ಕರೆದವಳನ್ನು ಒಂದು ಗಂಟೆ ನಿಲ್ಲಿಸಿಕೊಂಡಿದ್ದೆ. ಹೋಗುವಾಗ ಮಿಕ್ಕ ನಿಂಬೆಹಣ್ಣೆಲ್ಲ ಕೊಟ್ಟೆ.

ಶುಕ್ರವಾರ ಸಂಜೆ ಅರಿಶಿನ ಕುಂಕುಮಕ್ಕೆ ಕರೆದಳು. ಕಳಶದ ಕೆಳಗೆ ಬಾಳೆಲೆ, ದೀಪದ ಕಂಬಗಳ ಕೆಳಗೆ ಹಿತ್ತಾಳೆ ತಟ್ಟೆ, ಅರಿಶಿನ ಕುಂಕುಮ ಭರಣಿಯಲ್ಲಿ. ಬಿಳಿ ಕಟ್ಟೆಯ ಮೇಲೆ ಎರಡು ದೀಪವೂ ತಲೆಕೆಳಗಾಗಿ ಕಾಣುತ್ತಿದ್ದವು. ಹೊಸ್ತಿಲು ದಾಟಿ ಬರುವಾಗ ತಿರುಗಿ ನೋಡಿದೆ. ಕುಯ್ದ ನಿಂಬೆಹಣ್ಣು ಎರಡು ಬದಿಗೂ ಇತ್ತು, ಒಂದೊಂದಕ್ಕೂ ಅಡಿಯಲ್ಲಿ ಒಂದೊಂದು ಸ್ಟೀಲ್ ಬಟ್ಟಲು.

“ನಮ್ಮತ್ತೆ ಬಟ್ಟಲು ಯಾಕೆ ಅಂದ್ರು ಆಂಟಿ. ಸಂಜೆ ನಿಮ್ಮನೆ ಹೊಸ್ತಿಲು ತೋರಿಸ್ತೀನಿ ಬನ್ನಿ ಅಂದಿದ್ದೀನಿ.”

“ಕರ್ಕೊಂಡು ಬಾ” ಅಂದೆ. ಆ ಎರಡು ಬಿಲ್ಲೆಗಳಿಗೆ ಪಾಲಿಷ್ ಮಾಡಿಸಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಇನ್ನು ಮಾಡಿಸುವುದಿಲ್ಲ.